ಡಾಕ್ಟರ ಹಿತ್ತಲ ಜಗುಲಿ

ಆಗಸ್ಟ್ 8, 2009. ಶನಿವಾರ

ಎರಡನೇ ಸುತ್ತಿನ ಏಲಕ್ಕಿ ಬ್ರೆಡ್ಡು ಸೀದುಹೋಯಿತು. ತಪ್ಪು ಟಿ.ವಿ.ಯದು. ಯಾವುದೋ ಊರಿನ ಸಭಾಂಗಣ. ವಾಷಿಂಗ್ಟನ್ನಿನಿಂದ ಬಂದ ಜನಪ್ರತಿನಿಧಿಯ ಮೂಗಿನ ತುದಿಗೆ ಬೆರಳು ತಂದು ಒಬ್ಬ ಮುದುಕ ಕೂಗುತ್ತಿದ್ದ. ಎಲ್ಲರಿಗೂ ಆರೋಗ್ಯ ವಿಮೆ ಕೊಡಿಸುವ ಹೊಸ ಮಸೂದೆ... ಈ ಬೇಸಿಗೆ ಪೂರ್ತಿ ಇದೇ ಕೂಗಾಟ. ನೋಡುತ್ತ ನಿಂತೆ, ಅಡುಗೆಮನೆಯಿಂದ ಹೊಗೆ ಬಂತು. ಸೀದ ಭಾಗ ಕೆತ್ತಿ ಬೆಣ್ಣೆ ಬಳಿದಿಟ್ಟೆ. ತಮ್ಮ ಆರ್ವೋಗೆ ಗೊತ್ತಾಗುವುದಿಲ್ಲ ಅಂದುಕೊಂಡೆ.

ಗೊತ್ತಾಯಿತು. "ಏನಕ್ಕ, ಇವತ್ತು ಬ್ರೆಡ್ಡಿಗೂ ಸೌನಾ ಮಾಡಿಸಿದೀಯಾ?" ಅಂದ.

ಎಪ್ಪತ್ತೆರಡರ ಅಕ್ಕನಿಗೆ ಅರವತ್ನಾಲ್ಕರ ತಮ್ಮ ಸೌದೆ ಒಡೆದು ಕೊಡುತ್ತಾನೆ, ಪ್ರತಿ ಶನಿವಾರ. ಅಪ್ಪ ಕಟ್ಟಿದ ಸೌನಾ, ಹಬೆಸ್ನಾನದ ಮನೆ. ಹಿತ್ತಲಲ್ಲಿ ಒಂದು ಮರದ ಗೂಡು, ಒಳಗೆ ಒಲೆ, ಒಲೆಯ ಮೇಲೆ ಕಲ್ಲಿನ ರಾಶಿ, ಕೂರಲು ಎರಡು ಹಲಗೆ. ಮೊದಲು ನಾನು, ಆಮೇಲೆ ಅವನು. ಅಮ್ಮ ಇದ್ದಾಗ ಅಮ್ಮ ಮತ್ತು ನಾನು ಜೊತೆಗೆ ಹೋಗುತ್ತಿದ್ದೆವು. ಕಾದ ಕಲ್ಲಿಗೆ ಅಮ್ಮ ನೀರು ಎರಚಿದ ಕೂಡಲೇ ಚುಸ್ ಅಂತ ಹಬೆ ಏಳುತ್ತಿತ್ತು. ಬೆನ್ನು ಉಜ್ಜುತ್ತ ಊರ ಸುದ್ದಿಯನ್ನೆಲ್ಲ ಅಮ್ಮ ಅಲ್ಲೇ ಹೇಳುತ್ತಿದ್ದಳು. ಅಮ್ಮ ಹೋಗಿ ಐವತ್ತು ವರ್ಷವಾದರೂ ಈಗಲೂ ಎರಡನೇ ಹಲಗೆಯಲ್ಲಿ ಜಾಗ ಬಿಟ್ಟು ಕೂರುತ್ತೇನೆ.

ಆರ್ವೋ ತನ್ನ ಪಿಕಪ್ಪಿಗೆ ಹೊಸ ಬೋರ್ಡು ಅಂಟಿಸಿದ್ದಾನೆ. 'ಸರ್ಕಾರವೇ, ನನಗೂ ನನ್ನ ಡಾಕ್ಟರಿಗೂ ನಡುವೆ ಬರಬೇಡ.'

"ಯಾವ ಡಾಕ್ಟರೋ?" ಅಂದೆ. "ಮರದ ಮಿಲ್ಲು ಮುಚ್ಚಿ ಎರಡು ವರ್ಷ ಆಯ್ತು. ಮಿಲ್ಲಿನ ಜೊತೆ ನಿನ್ನ ವಿಮೆನೂ ಹೋಯ್ತು. ಆಮೇಲೆ ಒಂದಿನ ಆದ್ರೂ ಡಾಕ್ಟರ ಮುಖ ನೋಡಿದೀಯಾ?"

"ಜನವರೀಲಿ ಅರವತ್ತೈದು ತುಂಬತ್ತೆ. ಮೆಡಿಕೇರ್ ಕಾರ್ಡ್ ಬರತ್ತೆ. ಆಗ ನೋಡ್ತೀನಿ ಬಿಡು."

"ಅರವತ್ತೈದು ದಾಟಿದೋರಿಗೆ ಆ ವಿಮೆ ಕಾರ್ಡ್ ಕೊಡೋರು ಯಾರು? ನಿಮ್ಮ ಮಾವನಾ? ಸರ್ಕಾರ ಕಣೋ!"

"ಅದು ಬೇರೆ, ಇದು ಬೇರೆ. ಅದಕ್ಕೆ ನಾನು ನಲವತ್ತು ವರ್ಷ ದುಡಿದು ಕಟ್ಟಿದೀನಿ."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಇಲ್ಲದ ಡಾಕ್ಟರಿಗೆ ಬೋರ್ಡು! ಆದರೆ ಅವನೊಬ್ಬನನ್ನೇ ಅಂದರೆ ತಪ್ಪು. ಈ ಕಡೆ ಎಲ್ಲರಿಗೂ ಇದೇ ವಾಡಿಕೆ. ಮೊಣಕಾಲು ಸವೆದವರು, ಕಣ್ಣಿಗೆ ಪೊರೆ ಬಂದವರು, ಎಲ್ಲರೂ ಅರವತ್ತೈದರ ಹುಟ್ಟುಹಬ್ಬಕ್ಕೆ ಕಾಯುತ್ತಾರೆ. ಇವತ್ತು ಕೇಕು, ನಾಳೆ ಆಪರೇಷನ್ನು.

ಅವನ ಬೆಲ್ಟಿನಲ್ಲಿ ಹೊಸ ತೂತು ಕಂಡೆ. ಮೊಳೆಯಿಂದ ಹೊಡೆದದ್ದು. ಕೇಳಿದರೆ "ಡಯಟ್" ಅಂದ. ನಾಲ್ಕು ತುಂಡು ಬ್ರೆಡ್ಡು ತಿನ್ನುವವನು ಒಂದಕ್ಕೆ ಎದ್ದ.

ಆಗಸ್ಟ್ 11, ಮಂಗಳವಾರ

ಲೊರೇನ್ ಬಂದಿದ್ದಳು. ಚರ್ಚಿನ ಮಹಿಳಾ ಮಂಡಳಿಯ ಯಜಮಾನಿ, ಶಾಲೆಯಲ್ಲಿ ನನ್ನ ಪಕ್ಕದ ಬೆಂಚಿನವಳು. ಬರುವಾಗಲೇ ಅರ್ಧ ಮಾತು ಅಂಗಳದಲ್ಲಿ ಮುಗಿಸಿರುತ್ತಾಳೆ.

ಸೆಪ್ಟೆಂಬರ್ ಹದಿನೈದಕ್ಕೆ ಟೌನ್ ಹಾಲಿನಲ್ಲಿ ಚರ್ಚೆಯಂತೆ. ಮಸೂದೆಯ ಪರ ನಾಲ್ಕು ಜನ, ವಿರೋಧ ನಾಲ್ಕು ಜನ. ಪಾದ್ರಿಗಳು ನಡೆಸಿಕೊಡುತ್ತಾರೆ. ಯಾರು ಏನೆಂದರು ಅಂತ ಬರೆದು ವಾಷಿಂಗ್ಟನ್ನಿಗೆ ಕಳಿಸುತ್ತಾರೆ.

"ನೀನು ನಮ್ಮ ಕಡೆ, ವಿರೋಧದ ಕಡೆ, ಮಾತಾಡ್ಬೇಕು ಐಲಿ."

"ನನಗೆ ಆ ಮಸೂದೆ ತಲೆಬುಡ ಗೊತ್ತಿಲ್ಲ ಕಣೇ. ಸಾವಿರ ಪುಟ ಇದೆಯಂತೆ."

"ಯಾರಿಗೆ ಗೊತ್ತು? ನೀನು ಅದನ್ನ ಮಾತಾಡೋದೇ ಬೇಡ. ಡಾಕ್ಟರ ಜಗುಲಿ ಕತೆ ಹೇಳು, ಸಾಕು. ಆ ಕಾಲದಲ್ಲಿ ಸರ್ಕಾರ ಇಲ್ದೇನೇ ನಾವು ಒಬ್ರನ್ನೊಬ್ರು ಹೇಗೆ ನೋಡ್ಕೋತಿದ್ವಿ ಅಂತ. ನೀನು ಹೇಳಿದ್ರೆ ಕಲ್ಲೂ ಕರಗತ್ತೆ."

ಹೊಗಳಿಕೆಗೆ ಉಬ್ಬಿದೆ, ಸುಳ್ಳೇಕೆ. ಒಪ್ಪಿಕೊಂಡೆ.

ಹೋಗುವಾಗ ಬಾಗಿಲಲ್ಲಿ ನಿಂತು ಅವಳು ಬೇರೆ ದನಿಯಲ್ಲಿ ಅಂದಳು. "ನಮ್ಮನೆಯವರ ಹೃದಯ ನಡೀತಿರೋದೇ ಅವರು ಕೆಲಸ ಮಾಡಿದ ಶಾಲೆ ಕೊಟ್ಟ ವಿಮೆಯಿಂದ. ಇರೋದನ್ನ ಕಿತ್ಕೊಂಡ್ರೆ ಏನ್ ಮಾಡ್ಲಿ ಹೇಳು?" ಲೊರೇನ್ ಹೆದರಿದ್ದನ್ನು ನಾನು ಇಷ್ಟು ವರ್ಷದಲ್ಲಿ ನೋಡಿರಲಿಲ್ಲ.

ಆಗಸ್ಟ್ 12, ಬುಧವಾರ. ಬೆಳಗ್ಗೆ

ಮೂರು ನಿಮಿಷದ ಭಾಷಣ. ಬರೆಯಲು ಕೂತರೆ ಡಾಕ್ಟರ ಹತ್ತಿರ ದುಡಿದ ಮೂವತ್ನಾಲ್ಕು ವರ್ಷ ನುಗ್ಗಿ ಬರುತ್ತಿದೆ.

ಡಾಕ್ಟರ್ ಪ್ಯಾಸ್ಕೋ. ಉದ್ದ ಮನುಷ್ಯ, ಬಾಗಿಲಲ್ಲಿ ಬಗ್ಗಿ ಬರುತ್ತಿದ್ದರು. ಕೈ ಯಾವಾಗಲೂ ತಣ್ಣಗೆ. ಮಕ್ಕಳನ್ನು ಮುಟ್ಟುವ ಮೊದಲು ಎರಡೂ ಅಂಗೈ ಕಂಕುಳಲ್ಲಿ ಇಟ್ಟು ಬಿಸಿ ಮಾಡಿಕೊಳ್ಳುತ್ತಿದ್ದರು. ನಾನು ಅವರ ಕ್ಲಿನಿಕ್ಕಿಗೆ ಸೇರಿದಾಗ ನನಗೆ ಹತ್ತೊಂಬತ್ತು. ಐವತ್ತಾರನೇ ಇಸವಿ. ಬಿಳಿ ಕಾಲರಿನ ನೀಲಿ ಅಂಗಿ, ಕೌಂಟರಿನ ಹಿಂದೆ ನನ್ನದೇ ಒಂದು ಕುರ್ಚಿ. ತಾಮ್ರದ ಗಣಿಯ ಕೂಲಿಯ ಮಗಳಿಗೆ ಕುರ್ಚಿ ಅಂದರೆ ಸಣ್ಣ ವಿಷಯವಲ್ಲ. ಮೊದಲ ದಿನ ಮನೆಗೆ ಬಂದಾಗ ಅಮ್ಮ ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು, ಮಸಿಯೂ ಇಲ್ಲ, ಮಣ್ಣೂ ಇಲ್ಲ ಅಂತ.

ಹಿತ್ತಲ ಕಡೆ ಜಗುಲಿ. ರೊಕ್ಕವಿದ್ದವರು ಮುಂಬಾಗಿಲಿಂದ ಬರುತ್ತಿದ್ದರು. ಇಲ್ಲದವರು ಹಿಂದಿನಿಂದ ಬಂದು ತಂದದ್ದನ್ನು ಜಗುಲಿಯ ಮೇಲಿಟ್ಟು ಒಳಗೆ ಬಂದು ಕೂರುವರು. ಆಲೂಗಡ್ಡೆ ಮೂಟೆ, ಜಿಂಕೆ ಮಾಂಸ, ನೇರಳೆ ಹಣ್ಣಿನ ಹಾಗಿರುವ ಬ್ಲೂಬೆರಿಯ ಜಾಡಿ, ಉಣ್ಣೆಯ ಕಾಲುಚೀಲ, ಒಮ್ಮೆ ಜೀವಂತ ಹಂದಿಮರಿ. ಅದು ಹಗ್ಗ ಬಿಚ್ಚಿಕೊಂಡು ಕಾಯುವ ಕೋಣೆಗೆ ನುಗ್ಗಿ, ಬಸುರಿ ಹೆಂಗಸೊಬ್ಬಳು ನಕ್ಕೂ ನಕ್ಕೂ ಅಲ್ಲೇ ನೋವು ಶುರುವಾಗಿ... ಆಗ ಹುಟ್ಟಿದವನು ಈಗ ಅಂಚೆ ಕಚೇರಿಯಲ್ಲಿದ್ದಾನೆ. ಅಕ್ಟೋಬರಿನಲ್ಲಿ ಆ ಜಗುಲಿಯ ವಾಸನೆ! ಮಣ್ಣು, ಸೇಬು, ಹೊಗೆಯಾಡಿಸಿದ ಮೀನು. ಈಗಲೂ ಎಲ್ಲಾದರೂ ಹಸಿ ಆಲೂಗಡ್ಡೆ ಮೂಟೆ ಬಿಚ್ಚಿದರೆ ನನಗೆ ಔಷಧಿಯ ನೆನಪು ಬರುತ್ತದೆ.

ನಾನೇ ಪ್ರತಿಯೊಬ್ಬರಿಗೂ ಹೆಸರು ಹಿಡಿದು ವಂದನೆ ಹೇಳುತ್ತಿದ್ದೆ. ಕೌಂಟರಿನಿಂದ ಎದ್ದು ನಿಂತು, ಇಡೀ ಕೋಣೆಗೆ ಕೇಳುವ ಹಾಗೆ. "ಮಿಸೆಸ್ ಲಾಹ್ಟಿ, ಮೊಟ್ಟೆಗೆ ತುಂಬಾ ಥ್ಯಾಂಕ್ಸ್!" ಆಕೆಯ ಮುಖ ಅರಳುತ್ತಿತ್ತು. ಬಡವರಿಗೂ ಮರ್ಯಾದೆ ಬೇಕು ಅಂತ ನಾನೇ ಶುರುಮಾಡಿದ ಪದ್ಧತಿ ಅದು. ಕತೆಯ ಈ ಭಾಗಕ್ಕೆ ಜನ ಯಾವಾಗಲೂ ಕಣ್ಣು ಒರೆಸಿಕೊಳ್ಳುತ್ತಾರೆ.

ಎಂಥ ಕಾಲ ಅದು. ಓದಿಕೊಂಡೆ, ನಾಲ್ಕೂವರೆ ನಿಮಿಷ ಆಯಿತು. ಹಂದಿಮರಿ ತೆಗೆಯಬೇಕು. ಮನಸ್ಸು ಬರುತ್ತಿಲ್ಲ.

ಆಗಸ್ಟ್ 22, ಶನಿವಾರ

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಆರ್ವೋ ಬಚ್ಚಲಿಗೆ ಹೋಗಿ ಬಂದ ಮೇಲೆ ನಾನು ಹೋದೆ. ಸರಿಯಾಗಿ ನೀರು ಬಿಟ್ಟಿರಲಿಲ್ಲ. ಕೆಂಪು.

ಹೊರಗೆ ಬಂದು ಕೇಳಿದೆ. "ಏನೋ ಅದು?"

"ಏನು?"

"ನಿನಗೆ ಮೂತ್ರದಲ್ಲಿ ರಕ್ತ ಹೋಗ್ತಿದೆ."

"ಓ ಅದಾ. ಬೀಟ್‌ರೂಟ್ ತಿಂದಿದ್ದೆ."

"ನಿನಗೆ ಬೀಟ್‌ರೂಟ್ ಕಂಡ್ರೆ ಆಗಲ್ಲ. ಚಿಕ್ಕವನಿದ್ದಾಗ ಅಮ್ಮ ತಟ್ಟೆಗೆ ಹಾಕಿದ್ದನ್ನ ಮೇಜಿನ ಕೆಳಗೆ ನಾಯಿಗೆ ತಳ್ತಿದ್ದೆ. ಮೂವತ್ನಾಲ್ಕು ವರ್ಷ ಡಾಕ್ಟರ ಹತ್ರ ಇದ್ದೋಳು ನಾನು. ನನಗೇ ಬೀಟ್‌ರೂಟ್ ಮಾರಬೇಡ. ಯಾವಾಗಿಂದ?"

"ಹಿಮ ಕರಗಿದಾಗಿಂದ" ಅಂದ.

ಏಪ್ರಿಲ್! ನಾಲ್ಕು ತಿಂಗಳು ನನ್ನ ಮುಂದೆ ಕೂತು ಕಾಫಿ ಹೀರಿದ್ದಾನೆ.

"ಸೋಮವಾರ ಹ್ಯಾನ್ಕಾಕ್ ಆಸ್ಪತ್ರೆಗೆ ನಡಿ."

"ಜನವರಿಗೆ."

"ಆರ್ವೋ!"

"ಕೇಳು ಅಕ್ಕ. ಈಗ ಹೋದ್ರೆ ಏನೋ ಇದೆ ಅಂತಾರೆ. ಕೊಯ್ತಾರೆ. ಬಿಲ್ಲು ಕಟ್ಟೋಕೆ ಕ್ಯಾಂಪು ಮಾರಬೇಕಾಗತ್ತೆ. ಅಪ್ಪ ಕೈಯಾರೆ ಕಟ್ಟಿದ ಮನೆ, ಕೆರೆ ದಂಡೆ. ಇನ್ನು ನಾಲ್ಕು ತಿಂಗಳು ಚಿಲ್ಲರೆ. ಹಲ್ಲು ಕಚ್ಕೊಂಡು ಇರ್ತೀನಿ."

"ಈ ಮನೆ ಇದೆಯಲ್ಲೋ. ಇದನ್ನ ಮಾರೋಣ."

"ಥೂ! ಅಕ್ಕನ ಮನೆ ಮಾರಿಸಿ ಉಚ್ಚೆ ಹೊಯ್ಯೋಕೆ ಹೋಗ್ಲಾ?"

ಇಬ್ಬರಿಗೂ ನಗು ಬಂತು. ನಗುತ್ತಲೇ ನನಗೆ ಅಳು ಬಂತು. ಅವನು ಟೋಪಿ ತೆಗೆದುಕೊಂಡು ಎದ್ದುಹೋದ, ಸೌನಾ ಕೂಡ ಮಾಡದೆ.

ಆಗಸ್ಟ್ 29, ಶನಿವಾರ

ಬರಲಿಲ್ಲ. ಸೌದೆ ನಾನೇ ಒಡೆದೆ. ಕಲ್ಲು ಸರಿಯಾಗಿ ಕಾಯಲಿಲ್ಲ.

ಸೆಪ್ಟೆಂಬರ್ 5, ಶನಿವಾರ

ಮಹರಾಯ ಬರದಿದ್ದರೆ ನಾನೇ ಹೋಗುವುದು. ಬ್ರೆಡ್ಡು ಕಟ್ಟಿಕೊಂಡು ಕ್ಯಾಂಪಿಗೆ ಹೋದೆ. ಹೆಂಡತಿ ಹೋದ ಮೇಲೆ ಊರ ಮನೆ ಬಿಟ್ಟು ಅಲ್ಲೇ ಇದ್ದಾನೆ. ಮೆಟ್ಟಿಲ ಮೇಲೆ ಕೂತು ಬಲೆ ಸರಿಮಾಡುತ್ತಿದ್ದ. ಕೆರೆ ಕನ್ನಡಿಯ ಹಾಗೆ ನಿಂತಿತ್ತು. ಈ ದಂಡೆಯಲ್ಲೇ ಅಪ್ಪ ನಮಗೆ ಈಜು ಕಲಿಸಿದ್ದು, ಅಂದರೆ ನೀರಿಗೆ ಎಸೆದದ್ದು.

ಜಗಳವಾಡಬಾರದು ಅಂತಲೇ ಹೋಗಿದ್ದೆ. ಅವನನ್ನು ನಗಿಸೋಣ ಅಂತ ಭಾಷಣ ಓದಿದೆ. ಹಂದಿಮರಿಗೆ ನಕ್ಕ. ಮಿಸೆಸ್ ಲಾಹ್ಟಿಯ ಮೊಟ್ಟೆ ಬಂದಾಗ ನಗು ನಿಂತಿತು. ಬಲೆ ಕೆಳಗಿಟ್ಟ.

"ಆ ಭಾಗ ಹೇಳಬೇಡ ಅಕ್ಕ."

"ಯಾಕೋ? ಜನರಿಗೆ ಇಷ್ಟ ಅದು."

"ಅಮ್ಮನಿಗೆ ಇಷ್ಟ ಇರಲಿಲ್ಲ."

ನನಗೆ ಅರ್ಥವಾಗಲಿಲ್ಲ. ಅವನು ನನ್ನ ಮುಖ ನೋಡದೆ ಹೇಳಿದ. ಐವತ್ತೆಂಟರ ಫೆಬ್ರವರಿ. ನಾನು ಆಗ ಡಾಕ್ಟರ ಮನೆ ಹತ್ತಿರ ಬಾಡಿಗೆ ಕೋಣೆಯಲ್ಲಿದ್ದೆ, ಹಿಮ ಬಿದ್ದು ಎರಡು ವಾರ ಮನೆಗೆ ಹೋಗಿರಲಿಲ್ಲ. ಅಪ್ಪನನ್ನು ಗಣಿಯಿಂದ ತೆಗೆದಿದ್ದರು. ಆಲೂಗಡ್ಡೆಗೆ ಕೊಳೆ ಬಂದಿತ್ತು, ಕೋಳಿ ಮಾರಿಯಾಗಿತ್ತು. ಅಮ್ಮನಿಗೆ ಹೊಟ್ಟೆನೋವು ಶುರುವಾಗಿ ಮೂರು ದಿನ. ಆರ್ವೋಗೆ ಹದಿಮೂರು. ಡಾಕ್ಟರ ಹತ್ತಿರ ಹೋಗೋಣ, ಅಲ್ಲಿ ಅಕ್ಕ ಇದ್ದಾಳಲ್ಲ ಅಂದನಂತೆ.

"ಅದಕ್ಕೆ ಅಮ್ಮ ಏನಂದ್ಲು ಗೊತ್ತಾ? 'ಅದಕ್ಕೇ ಹೋಗಲ್ಲ ಕಣೋ. ಜಗುಲಿ ಮೇಲಿಡೋಕೆ ಏನಿದೆ ನಮ್ಮ ಹತ್ರ? ಐಲಿ ಎಲ್ರಿಗೂ ಹೆಸರು ಹೇಳಿ ಥ್ಯಾಂಕ್ಸ್ ಕೊಡ್ತಾಳೆ. ತನ್ನ ತಾಯಿಗೆ ಏನಂತ ಕೊಡ್ತಾಳೆ? ಅವಳ ಮರ್ಯಾದೆ ತೆಗೆಯಲ್ಲ ನಾನು' ಅಂದ್ಲು."

ಬಲೆ ಮತ್ತೆ ಎತ್ತಿಕೊಂಡು ಅಂದ: "ಹೇಳಬಾರದು ಅಂತಿದ್ದೆ. ಐವತ್ತೊಂದು ವರ್ಷ ಹೇಳಿರಲಿಲ್ಲ. ನೀನು ಆ ಮೊಟ್ಟೆ ಕತೆ ಅಷ್ಟು ಖುಷಿಯಾಗಿ ಓದಿದ್ರೆ..."

ಕಾರು ಹೇಗೆ ನಡೆಸಿಕೊಂಡು ಬಂದೆನೋ.

ಸೆಪ್ಟೆಂಬರ್ 6, ಭಾನುವಾರ

ಚರ್ಚಿಗೆ ಹೋಗಲಿಲ್ಲ.

ನಾಲ್ಕನೇ ದಿನ ಅಮ್ಮನ ಕರುಳಬಾಲ, ಅಪೆಂಡಿಕ್ಸ್, ಒಡೆದಿತ್ತು. ಡಾಕ್ಟರು ಹಿಮದಲ್ಲಿ ಜಾರುಬಂಡಿ ಹತ್ತಿ ಬಂದರು. "ಎರಡು ದಿನ ಮುಂಚೆ ತಂದಿದ್ದರೆ..." ಅಂದರು. ಅಮ್ಮ ಉಳಿಯಲಿಲ್ಲ. ಹಿಮ ಅಡ್ಡ ಬಂತು ಅಂತ, ಆರ್ವೋ ಒಬ್ಬನನ್ನು ಬಿಟ್ಟು, ನಾವೆಲ್ಲ ನಂಬಿದೆವು. ನಾನು ಈವರೆಗೂ ಹಿಮವನ್ನೇ ಬೈಯುತ್ತಿದ್ದೆ.

ಒಂದು ಮಾತು ಬಾಯಿ ಬಿಟ್ಟು ಕೇಳಿದ್ದರೆ ಡಾಕ್ಟರು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅಮ್ಮನಿಗೂ ಅದು ಗೊತ್ತಿತ್ತು. ಗೊತ್ತಿದ್ದರೆ ಏನು, ಬರಿಗೈಯಲ್ಲಿ ಆ ಕೋಣೆಯಲ್ಲಿ ಕೂರಬೇಕಲ್ಲ, ನನ್ನ ದನಿ ಕೇಳುತ್ತ.

ಇನ್ನೊಂದು ನೆನಪಾಯಿತು. ಅರವತ್ತೈದನೇ ಇಸವಿಯಲ್ಲಿ ಇದೇ ಟೌನ್ ಹಾಲಿನಲ್ಲಿ ಇದೇ ಜಗಳ. ಮುದುಕರಿಗೆ ಮೆಡಿಕೇರ್ ಬೇಕೋ ಬೇಡವೋ. ಡಾಕ್ಟರು ಎದ್ದು ನಿಂತು "ನನ್ನ ರೋಗಿಗಳು ನನಗೆ ಗೊತ್ತು, ವಾಷಿಂಗ್ಟನ್ನಿಗೆ ಏನು ಗೊತ್ತು?" ಅಂದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು. ಮುಂದಿನ ವರ್ಷ ಕಾಯಿದೆ ಜಾರಿಯಾಯಿತು. ಜುಲೈ ತಿಂಗಳು. ಮುಂಬಾಗಿಲಿಂದ ಮುದುಕರು, ಮುದುಕಿಯರು ಬರತೊಡಗಿದರು. ತಲೆಯೆತ್ತಿಕೊಂಡು ಬಂದು ಕಾರ್ಡನ್ನು ಕೌಂಟರಿನ ಮೇಲೆ ಟಪ್ಪನೆ ಇಡುತ್ತಿದ್ದರು. ಕೆಲವರನ್ನು ನಾನು ಆ ಹತ್ತು ವರ್ಷದಲ್ಲಿ ಒಮ್ಮೆಯೂ ಅಲ್ಲಿ ಕಂಡಿರಲಿಲ್ಲ. ಆ ವಾರದ ಕೊನೆಗೆ ಡಾಕ್ಟರು ಕನ್ನಡಕ ತೆಗೆದು, ಬೆಪ್ಪಾದವರಂತೆ ನನ್ನನ್ನೇ ಕೇಳಿದರು. "ಇವರೆಲ್ಲ ಇಷ್ಟು ದಿನ ಎಲ್ಲಿದ್ದರು, ಐಲಿ?"

ಇದನ್ನು ಇಷ್ಟು ವರ್ಷ ತಮಾಷೆಯ ಕತೆಯಾಗಿ ಹೇಳಿಕೊಂಡು ಬಂದಿದ್ದೇನೆ.

ಸೆಪ್ಟೆಂಬರ್ 16, ಬುಧವಾರ. ಬೆಳಗ್ಗೆ

ನಿನ್ನೆಯದು ಬರೆದುಬಿಡಬೇಕು.

ಟೌನ್ ಹಾಲ್ ತುಂಬಿ, ಜನ ಗೋಡೆಗೆ ಒರಗಿ ನಿಂತಿದ್ದರು. ಪಾದ್ರಿಗಳು ಚರ್ಚಿನ ಅಡುಗೆಮನೆಯ ಮೊಟ್ಟೆ ಬೇಯಿಸುವ ಗಡಿಯಾರ ತಂದಿದ್ದರು. ಮೂರು ನಿಮಿಷಕ್ಕೆ ಕಿರ್ರ್ ಅನ್ನುತ್ತದೆ. ಪಕ್ಕದ ಊರಿನ ಬಡಗಿಯೊಬ್ಬ ಮಸೂದೆಯ ಪರ ಮಾತಾಡಿದ, ಮಗಳಿಗೆ ಸಕ್ಕರೆ ಕಾಯಿಲೆಯಂತೆ, ಯಾವ ಕಂಪನಿಯೂ ಅವಳನ್ನು ಸೇರಿಸಿಕೊಳ್ಳುತ್ತಿಲ್ಲ. "ವಿಮೆ ಇರೋ ಕೆಲ್ಸ ಹಿಡಿಯಪ್ಪಾ!" ಅಂತ ಯಾರೋ ಕೂಗಿದರು. ಲೊರೇನ್ ಗಂಡನ ಹೃದಯದ ವಿಷಯ ಹೇಳಿದಳು, ದನಿ ನಡುಗಿತು. ಆಗ ಮಸೂದೆಯ ಪರದ ಕಡೆಯವನೊಬ್ಬ "ಹೆದರಿಸ್ಬೇಡಮ್ಮ!" ಅಂತ ಕೂಗಿದ. ಯಾರಿಗೂ ಯಾರ ಮಾತೂ ಬೇಕಿರಲಿಲ್ಲ.

ಆರ್ವೋ ಹಿಂದೆ ಬಾಗಿಲ ಬಳಿ ಗೆಳೆಯರ ಜೊತೆ ನಿಂತಿದ್ದ, ಟೋಪಿ ಹಾಕಿಕೊಂಡೇ.

ನನ್ನ ಸರದಿ. ಜಗುಲಿ ಕತೆ ಹೇಳಿದೆ. ಹಂದಿಮರಿಯನ್ನೂ ಸೇರಿಸಿದೆ. ಅದುವರೆಗೆ ಕಿತ್ತಾಡುತ್ತಿದ್ದವರೆಲ್ಲ ಒಟ್ಟಿಗೆ ನಕ್ಕರು. ಮಿಸೆಸ್ ಲಾಹ್ಟಿಯ ಮೊಟ್ಟೆ ಬಂತು, ಕರವಸ್ತ್ರಗಳು ಹೊರಬಂದವು. ಅಲ್ಲಿಗೆ ಕೂತಿದ್ದರೆ ಚಪ್ಪಾಳೆ. ಕೂರಲಿಲ್ಲ.

ಮುಂದಿನದನ್ನೂ ಹೇಳಿದೆ. ನನ್ನ ಥ್ಯಾಂಕ್ಸ್ ಕೇಳಿಸಿಕೊಳ್ಳಲಾಗದೆ ಎಷ್ಟು ಜನ ಆ ಜಗುಲಿ ಹತ್ತಲಿಲ್ಲವೋ ನನಗೆ ಗೊತ್ತಿಲ್ಲ, ಒಬ್ಬಳು ಮಾತ್ರ ಗೊತ್ತು, ಆಕೆ ನನ್ನ ಅಮ್ಮ, ಅಂದೆ. ಗಡಿಯಾರ ಕಿರ್ರ್ ಅಂದಿತು. ಪಾದ್ರಿಗಳು ಅದರ ಬಾಯಿ ಮುಚ್ಚಿದರು.

"ಹಾಗಾದ್ರೆ ಸರ್ಕಾರ ಬೇಕು ಅಂತೀಯಾ?" ಯಾರೋ ಕೇಳಿದರು.

ಅಲ್ಲೇ ನಾನು ಕೆಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. "ನನಗೆ ಯಾವ ಸರ್ಕಾರನೂ ಬೇಡ. ನನಗೆ ನನ್ನ ತಮ್ಮ ಬೇಕು. ರಕ್ತ ಹೋಗ್ತಿದ್ರೂ ಜನವರಿಗೆ ಕಾಯ್ತೀನಿ ಅಂತ ಕೂತಿದಾನೆ!" ಅಂದುಬಿಟ್ಟೆ.

ಇನ್ನೂರು ತಲೆ ಒಟ್ಟಿಗೆ ಹಿಂದೆ ತಿರುಗಿದವು. ಆರ್ವೋ ನನ್ನನ್ನು ನೋಡಿದ. ಟೋಪಿ ಇನ್ನಷ್ಟು ಕೆಳಗೆಳೆದುಕೊಂಡು ಹೊರಗೆ ಹೋದ. ಪಿಕಪ್ಪು ಹೊರಟ ಸದ್ದು ಇಡೀ ಸಭೆಗೆ ಕೇಳಿಸಿತು.

ಮತ್ತೆ ಅದೇ. ಇಡೀ ಕೋಣೆಗೆ ಕೇಳುವ ಹಾಗೆ. ಐವತ್ತು ವರ್ಷವಾದರೂ ಬುದ್ಧಿ ಬರಲಿಲ್ಲ ಈ ಐಲಿಗೆ.

ಸೆಪ್ಟೆಂಬರ್ 19, ಶನಿವಾರ

ಸೌನಾ ಕಾಯಿಸಿ ಕಾದೆ. ಇಲ್ಲ. ಫೋನು ಎತ್ತುತ್ತಿಲ್ಲ.

ಸೆಪ್ಟೆಂಬರ್ 21, ಸೋಮವಾರ

ಪೆಟ್ರೋಲ್ ಬಂಕಿಗೆ ಹೋಗಿದ್ದೆ. ಕೌಂಟರಿನ ಮೇಲೆ ದೊಡ್ಡ ಕಾಫಿ ಡಬ್ಬ, ಮುಚ್ಚಳದಲ್ಲಿ ಸೀಳು, ಮುಂದೆ ಆರ್ವೋನ ಫೋಟೋ. ಚರ್ಚಿನ ಸದಸ್ಯರ ಫೋಟೋ ಪುಸ್ತಕದಿಂದ ಕತ್ತರಿಸಿದ್ದು, ಮದುವೆಯ ಕೋಟಿನದು. 'ನಮ್ಮ ಆರ್ವೋಗೆ ಕೈಲಾದಷ್ಟು.' ಪಕ್ಕದಲ್ಲೇ ಚೀಟಿ: ಈ ಶುಕ್ರವಾರ ಅವನ ಆಸ್ಪತ್ರೆ ಖರ್ಚಿಗಾಗಿ ಚರ್ಚಿನಲ್ಲಿ ಸ್ಪಗೆಟಿ ಊಟ. ಅಕ್ಷರ ಲೊರೇನಳದು. ಕ್ಯಾನ್ಸರ್ ಬಂದವರಿಗೆ, ಮನೆ ಸುಟ್ಟವರಿಗೆ, ಈ ಊರಲ್ಲಿ ಎಲ್ಲರಿಗೂ ಹೀಗೇ ಡಬ್ಬ ಇಡುತ್ತೇವೆ. ಎಷ್ಟೋ ಡಬ್ಬಗಳಿಗೆ ನಾನೇ ಫೋಟೋ ಅಂಟಿಸಿದ್ದೇನೆ.

"ಅವ್ನು ನೋಡಿದ್ನಾ?" ಅಂತ ಬಂಕಿನವಳನ್ನು ಕೇಳಿದೆ.

"ಬೆಳಗ್ಗೆ ಬಂದಿದ್ರು. ಸುಮಾರು ಹೊತ್ತು ಡಬ್ಬ ನೋಡ್ತಾ ನಿಂತಿದ್ರು. ಪೆಟ್ರೋಲೂ ಹಾಕ್ಸದೆ ಹೋದ್ರು."

ಲೊರೇನ್ ಮನೆಗೆ ಹೋಗಿ ಕೂಗಾಡಿದೆ. ಅವಳು ಅತ್ತಳು. "ಮತ್ತೇನ್ ಮಾಡಬೇಕಿತ್ತು ಐಲಿ? ಕೇಳಿಸ್ಕೊಂಡು ಸುಮ್ನೆ ಇರಬೇಕಿತ್ತಾ?" ಅವಳ ಅಡುಗೆಮನೆಯಲ್ಲೇ ಕೂತು ಇಬ್ಬರೂ ಕಾಫಿ ಕುಡಿದೆವು, ಹಲ್ಲಿನ ನಡುವೆ ಸಕ್ಕರೆ ತುಂಡು ಇಟ್ಟುಕೊಂಡು, ನಮ್ಮ ಅಮ್ಮಂದಿರು ಕುಡಿಯುತ್ತಿದ್ದ ಹಾಗೆ.

ಸೆಪ್ಟೆಂಬರ್ 26, ಶನಿವಾರ

ಬಂದ. ನಾಲ್ಕಕ್ಕೇ, ಯಾವಾಗಿನ ಹಾಗೆ. ನೆಟ್ಟಗೆ ಹಿತ್ತಲಿಗೆ ಹೋಗಿ ಸೌದೆ ಒಡೆದ. ನಾಲ್ಕು ಏಟಿಗೊಮ್ಮೆ ಕೊಡಲಿಯ ಮೇಲೆ ಒರಗಿ ನಿಲ್ಲುತ್ತಿದ್ದ. ಕಿಟಕಿಯಿಂದ ನೋಡಿದೆ, ಹೊರಗೆ ಹೋಗಲಿಲ್ಲ.

ಸೌನಾ ಮುಗಿಸಿ ಬಂದು ಮೇಜಿನ ಹತ್ತಿರ ಕೂತ. ಮುಖ ಕೆಂಪಾಗಿಲ್ಲ. ಸೌನಾದಿಂದ ಬಂದವನ ಮುಖ ಬೆಳ್ಳಗಿರುವುದನ್ನು ನಾನು ಕಂಡಿರಲಿಲ್ಲ. ಕ್ಷಮೆ ಕೇಳಲು ಬಾಯಿ ತೆರೆದೆ.

"ನೀನು ಮಾತಾಡ್ಬೇಡ. ಇವತ್ತು ನಾನು ಆಡ್ತೀನಿ."

ಕಾಫಿ ಬಗ್ಗಿಸಿ ಅವನ ಮುಂದಿಟ್ಟೆ.

"ಆ ಡಬ್ಬ ನೋಡಿ ನಿನ್ನ ಕತ್ತು ಹಿಸುಕಬೇಕು ಅನ್ನಿಸ್ತು. ಊಟಕ್ಕೆ ನಾನು ಹೋಗ್ಲಿಲ್ಲ. ಲೊರೇನ್ ಬಂದು ಹೇಳಿದ್ಲು, ಊರೆಲ್ಲ ಬಂದಿತ್ತಂತೆ. ಆ ಬಡಗಿನೂ ಬಂದಿದ್ನಂತೆ, ಬೈಸ್ಕೊಂಡೋನು." ಲೋಟ ತಿರುಗಿಸುತ್ತ ಕೂತ. "ಅದಿರ್ಲಿ. ಗುರುವಾರ ಬಚ್ಚಲಲ್ಲಿ ಬಿದ್ದೆ. ತಲೆ ತಿರುಗ್ತು. ಎಷ್ಟೊತ್ತು ಬಿದ್ದಿದ್ನೋ. ನೆಲದ ಮೇಲೆ ಮಲ್ಕೊಂಡು ಏನ್ ಯೋಚ್ನೆ ಬಂತು ಗೊತ್ತಾ? ಅಮ್ಮ ಇದೇ ಅಡುಗೆಮನೇಲಿ ಬಿದ್ದಾಗ ಬಾಗಿಲು ತೆಗೆದೋನು ನಾನು. ಶಾಲೆ ಚೀಲ ಇನ್ನೂ ಹೆಗಲ ಮೇಲಿತ್ತು. ನನ್ನನ್ನ ನೋಡೋಕೆ ಬ್ರೆಡ್ಡು ಕಟ್ಕೊಂಡು ಬರೋಳು ನೀನೊಬ್ಳೇ. ಆ ಬಾಗಿಲು ನೀನು ತೆಗೀಬೇಕಾಗತ್ತೆ."

ನಾನು ಅಳುತ್ತಿದ್ದೆ. ಅವನೂ.

"ಸೋಮವಾರ ಹ್ಯಾನ್ಕಾಕಿಗೆ ಹೋಗೋಣ. ಒಂದು ಷರತ್ತು. ಅಲ್ಲಿ ನೀನು ಒಂದಕ್ಷರ ಮಾತಾಡಬಾರದು. ಸುಮ್ನೆ ಪಕ್ಕದಲ್ಲಿ ಕೂತಿರು."

ತಲೆಯಾಡಿಸಿದೆ. ಷರತ್ತು ಆಗಲೇ ಜಾರಿಯಲ್ಲಿತ್ತು.

ಸೆಪ್ಟೆಂಬರ್ 28, ಸೋಮವಾರ. ಹತ್ತೂಕಾಲು. ಆಸ್ಪತ್ರೆ

ಮಾತಾಡುವ ಹಾಗಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಈ ಡೈರಿಯನ್ನು ಚೀಲದಲ್ಲಿ ಹಾಕಿಕೊಂಡು ಬಂದದ್ದು ಒಳ್ಳೆಯದಾ‌ಯಿತು.

ಕೌಂಟರಿನಲ್ಲಿ ಒಬ್ಬ ಹುಡುಗಿ. ನಗುಮುಖ, ಕೆಲಸದಲ್ಲಿ ಚುರುಕು, ಗಂಟಲು ದೊಡ್ಡದು. ನನ್ನನ್ನೇ ಕಂಡ ಹಾಗಾಯಿತು. "ನಿಮ್ಮ ವಿಮೆ ಯಾವ್ದು ಸರ್?" ಅಂದಳು. ಕಾಯುತ್ತಿದ್ದ ಹತ್ತು ಜನರೂ ಪತ್ರಿಕೆಯಿಂದ ತಲೆಯೆತ್ತಿದರು. ಆರ್ವೋನ ಕಿವಿ ಕೆಂಪಾಯಿತು. ಬಾಗಿಲ ಕಡೆ ನೋಡಿದ. ಎದ್ದು ಹೋಗುತ್ತಾನೆ ಅಂದುಕೊಂಡೆ. ನಾಲಿಗೆ ಕಚ್ಚಿ ಹಿಡಿದೆ, ನಿಜವಾಗಿಯೂ ಕಚ್ಚಿದೆ.

ಅವನು ಟೋಪಿ ತೆಗೆದ.

"ವಿಮೆ ಇಲ್ಲಮ್ಮ. ಜನವರಿಗೆ ಬರತ್ತೆ. ಅಲ್ಲೀತನಕ ತಡೀತೀನಿ ಅಂದ್ಕೊಂಡಿದ್ದೆ. ಆಗ್ತಿಲ್ಲ" ಅಂದ. ಕೊನೆಯ ಕುರ್ಚಿಯವರಿಗೂ ಕೇಳುವ ಹಾಗೆ. ಆ ಹುಡುಗಿ ಒಂದು ಕ್ಷಣ ಸುಮ್ಮನಾಗಿ, ದನಿ ತಗ್ಗಿಸಿ, "ಬನ್ನಿ, ಮೊದ್ಲು ಡಾಕ್ಟರು ನೋಡ್ಲಿ. ಮಿಕ್ಕಿದ್ದು ಆಮೇಲೆ" ಅಂದಳು.

ಹನ್ನೊಂದೂವರೆ

ಇನ್ನೂ ಒಳಗಿದ್ದಾನೆ. ಯಾವುದೋ ಫೋಟೋ ತೆಗೆಯಬೇಕು ಅಂತ ಕರೆದುಕೊಂಡು ಹೋದರು. ಮೇಲೆ ಟಿ.ವಿ.ಯಲ್ಲಿ ಅದೇ ಕೂಗಾಟ, ದನಿ ಆರಿಸಿದ್ದಾರೆ. ಬಾಯಿಗಳು ಮಾತ್ರ ಆಡುತ್ತಿವೆ.

ಹನ್ನೆರಡು ಹತ್ತು

ಡಾಕ್ಟರು ಬಂದಿದ್ದರು. ಚಿಕ್ಕ ವಯಸ್ಸಿನ ಹೆಂಗಸು. ನನ್ನ ಪಕ್ಕ ಖಾಲಿ ಕುರ್ಚಿಯಲ್ಲೇ ಕೂತುಬಿಟ್ಟಳು. "ಅಕ್ಕ ನೀವೇನಾ? ಬಟ್ಟೆ ಹಾಕ್ಕೋತಿದಾರೆ, ಎರಡು ನಿಮಿಷ. ಆಮೇಲೆ ನೀವೂ ಒಳಗೆ ಬನ್ನಿ, ಇಬ್ಬರ ಹತ್ರನೂ ಮಾತಾಡಬೇಕು" ಅಂದಳು. ಅವಳ ಮುಖ ಓದಲು ನೋಡಿದೆ. ಮೂವತ್ನಾಲ್ಕು ವರ್ಷ ಡಾಕ್ಟರ ಮುಖ ಓದಿದವಳು ನಾನು. ಓದಲಾಗಲಿಲ್ಲ, ಕಣ್ಣು ಮಂಜಾಗಿತ್ತು.

ಆರ್ವೋ ಬಾಗಿಲಿಗೆ ಬಂದಿದ್ದಾನೆ. ಅಂಗಿಯ ಗುಂಡಿ ಅದಲುಬದಲು ಹಾಕಿಕೊಂಡಿದ್ದಾನೆ. ಕೈ ಚಾಚಿ ಕರೆಯುತ್ತಿದ್ದಾನೆ.

"ಅಕ್ಕ, ಬಾ. ನನಗೆ ಬಾಯಿ ಬರ್ತಿಲ್ಲ. ಈಗ ನೀನೇ ಮಾತಾಡು."

ಏನು ಕೇಳಲಿ, ಮೊದಲು ಏನು... ಪೆನ್ನು ಮುಚ್ಚುತ್ತೇನೆ, ಕಾಯುತ್ತಿದ್ದಾನೆ.